ಹಿಂಬಾಗಿಲ ಬೀಗದ ಕೈ ಯಾರ ಹತ್ತಿರ ಇದೆ?

ಪ್ರಶ್ನೆ: ನಾನು ಜಿಲ್ಲಾ ಕೇಂದ್ರವೊಂದರ ಸಾರ್ವಜನಿಕ ಗ್ರಂಥಾಲಯದಲ್ಲಿ ಗ್ರಂಥಪಾಲಕಿ. ನಮ್ಮದು ಮೂರು ಅಂತಸ್ತಿನ ಹಳೆಯ ಕಟ್ಟಡ. ಕೆಳಗೆ ಪತ್ರಿಕೆ ಓದುವ ಹಾಲ್ ಮತ್ತು ಮಕ್ಕಳ ವಿಭಾಗ, ಮೊದಲ ಮಹಡಿಯಲ್ಲಿ ಎರವಲು ವಿಭಾಗ, ಎರಡನೇ ಮಹಡಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಹಾಲ್. ಅಲ್ಲಿನ 150 ಕುರ್ಚಿಗಳೂ ಬೆಳಿಗ್ಗೆಯೇ ತುಂಬಿರುತ್ತವೆ. ಸಿಬ್ಬಂದಿ ಆರು ಜನ, ಅವರಲ್ಲಿ ಇಬ್ಬರು ಹೊರಗುತ್ತಿಗೆಯವರು. ನಾಲ್ಕು ಫೈರ್ ಸಿಲಿಂಡರ್ ಬಿಟ್ಟರೆ ಬೇರೆ ಯಾವ ಸಲಕರಣೆಯೂ ಇಲ್ಲ. ‘ತುರ್ತು ಪರಿಸ್ಥಿತಿ ನಿರ್ವಹಣಾ ಯೋಜನೆ’ ತಯಾರಿಸಿ ಒಂದು ತಿಂಗಳೊಳಗೆ ಕಳಿಸಿ ಎಂದು ಮೇಲಿನಿಂದ ಪತ್ರ ಬಂದಿದೆ. ಪರಿಚಯದವರೊಬ್ಬರು 40 ಪುಟಗಳ ಮಾದರಿ ಕೊಟ್ಟಿದ್ದಾರೆ, ಇದರ ಜೊತೆ ಇಟ್ಟಿದ್ದೇನೆ. ಹೆಸರು, ವಿಳಾಸ ಬದಲಿಸಿ ಕಳಿಸಿದರೆ ಸಾಕೇ? ಪುಸ್ತಕ ಕಳವಾಗುತ್ತವೆ ಎಂಬ ಕಾರಣಕ್ಕೆ ಹಿಂದಿನ ಮೆಟ್ಟಿಲಿನ ಬಾಗಿಲಿಗೆ ಮೊದಲಿನಿಂದಲೂ ಬೀಗ ಹಾಕಿದ್ದೇವೆ, ಅದನ್ನು ತೆಗೆಯಲೇಬೇಕೇ? ಕಳೆದ ಮಳೆಗಾಲದಲ್ಲಿ ನೀರು ನುಗ್ಗಿ ಕೆಳಗಿನ ಕೋಣೆಯಲ್ಲಿದ್ದ ಹಳೆಯ ಗೆಜೆಟಿಯರ್‌ಗಳು ನೆನೆದವು. ಪುಸ್ತಕಗಳ ರಕ್ಷಣೆಯನ್ನೂ ಯೋಜನೆಯಲ್ಲಿ ಸೇರಿಸಬಹುದೇ?

ಉತ್ತರ:

ಮೇಡಂ, ಆ 40 ಪುಟಗಳನ್ನು ದಯವಿಟ್ಟು ಕಳಿಸಬೇಡಿ. ಮಾದರಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅದರಲ್ಲಿ ಬೆಂಕಿ ಬಿದ್ದರೆ ತಾನಾಗಿ ನೀರು ಚಿಮ್ಮುವ ಸ್ಪ್ರಿಂಕ್ಲರ್ ಇದೆ, ನಿಯಂತ್ರಣ ಕೊಠಡಿ ಇದೆ, ಮಹಡಿಗೊಬ್ಬ ಫ್ಲೋರ್ ವಾರ್ಡನ್ ಇದ್ದಾರೆ. ನಿಮ್ಮಲ್ಲಿ ಇವೊಂದೂ ಇಲ್ಲ. ಇಲ್ಲದ್ದನ್ನು ಇದೆ ಎನ್ನುವ ಕಾಗದಕ್ಕೆ ನಿಮ್ಮ ಸಹಿ ಬಿದ್ದರೆ, ನಾಳೆ ಏನಾದರೂ ಆದಾಗ ಕಡತದಿಂದ ಮೊದಲು ಹೊರಬರುವುದು ಅದೇ ಕಾಗದ. ನನ್ನನ್ನು ಇನ್ನೂ ಹೆಚ್ಚು ಕಾಡುವ ವಿಷಯ ಬೇರೆ ಇದೆ: ಕಪಾಟಿನಲ್ಲಿ ಯೋಜನೆ ಇದೆ ಎಂಬ ನೆಮ್ಮದಿ ಬಂದರೆ ಆಮೇಲೆ ಹಿಂಬಾಗಿಲ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಅಗ್ನಿಶಾಮಕ ಇಲಾಖೆಯಲ್ಲಿ 31 ವರ್ಷ ಕೆಲಸ ಮಾಡಿದವನು ನಾನು. ಎಷ್ಟೇ ಬೇಗ ಹೊರಟರೂ ನಮ್ಮ ವಾಹನ ನಿಮ್ಮ ಗೇಟಿಗೆ ಬರಲು ಕೆಲವು ನಿಮಿಷ ಹಿಡಿಯುತ್ತದೆ. ಆ ನಿಮಿಷಗಳಲ್ಲಿ ಇಡೀ ಕಟ್ಟಡ ನಿಮ್ಮ ಅಟೆಂಡರ್, ನಿಮ್ಮ ವಾಚ್‌ಮನ್, ನಿಮ್ಮ ಸ್ವಚ್ಛತಾ ಸಿಬ್ಬಂದಿಯ ಕೈಯಲ್ಲಿರುತ್ತದೆ. ಯಾರ ಅಪ್ಪಣೆಗೂ ಕಾಯದೆ ಆಗ ಅವರು ಏನೇನು ಮಾಡಬಲ್ಲರೋ ಅದೇ ನಿಮ್ಮ ಯೋಜನೆ. ಅವರು ಮಾಡಲಾಗದ್ದನ್ನು ಎಷ್ಟು ಪುಟ ಬರೆದರೂ ಅದು ಯೋಜನೆಯಲ್ಲ.

ಒಂದು ತಾಲ್ಲೂಕು ಕೇಂದ್ರದ ಕಚೇರಿಗೆ ನಡುರಾತ್ರಿ ಹೋದ ಕರೆ ನನಗೆ ಇನ್ನೂ ನೆನಪಿದೆ. ರೆಕಾರ್ಡ್ ರೂಮಿನಲ್ಲಿ ಬೆಂಕಿ. ಕಾವಲುಗಾರರು ಹೊಗೆಯನ್ನು ನೋಡಿದ್ದು ತೀರ ಮೊದಲಲ್ಲೇ. ಆದರೆ ಕೋಣೆಯ ಬೀಗದ ಕೈ ಗುಮಾಸ್ತರ ಮನೆಯಲ್ಲಿತ್ತು. ಪಾಪ, ಅವರು ಕೈ ತರಲು ಸೈಕಲ್ ಹತ್ತಿ ಹೋದರು. ಅಲ್ಲಿಂದ ಗುಮಾಸ್ತರು ಮೇಲಧಿಕಾರಿಗೆ ಫೋನ್ ಮಾಡಿದರು, ಮೇಲಧಿಕಾರಿ ನಮಗೆ ಮಾಡಿದರು. ನಾವು ಹೋಗುವಷ್ಟರಲ್ಲಿ ಚಾವಣಿಯ ತೊಲೆಗಳು ಉರಿಯುತ್ತಿದ್ದವು. ಜೀವಹಾನಿ ಆಗಲಿಲ್ಲ, ಆದರೆ ಆ ತಾಲ್ಲೂಕಿನ ರೈತರ ಎಷ್ಟೋ ಕಾಗದಪತ್ರಗಳು ಹೋದವು. ಕಾವಲುಗಾರರು ಕೈಕಟ್ಟಿ ನಿಂತು ಅಳುತ್ತಿದ್ದರು. ಅವರದೇನು ತಪ್ಪು? ನೇರವಾಗಿ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮೊದಲು ಸಾಹೇಬರಿಗೆ ತಿಳಿಸಬೇಕು ಎಂಬುದು ಅವರು ಕಂಡುಕೊಂಡು ಬಂದ ಪದ್ಧತಿ.

ಹಾಗಾಗಿ ನಿಮ್ಮ ಯೋಜನೆಯ ಮೊದಲ ಸಾಲು ಹೀಗಿರಲಿ: ಬೆಂಕಿ ಅಥವಾ ಹೊಗೆ ಕಂಡವರು, ಅವರು ಯಾರೇ ಆಗಿರಲಿ, ಕೂಡಲೇ 112 ಅಥವಾ 101ಕ್ಕೆ ಕರೆ ಮಾಡುವುದು. ಅಧಿಕಾರಿಗಳಿಗೆ ಆಮೇಲೆ ತಿಳಿಸುವುದು. ಇದರ ಕೆಳಗೆ ನೀವು ಸಹಿ ಮಾಡಿ ಎಲ್ಲ ಸಿಬ್ಬಂದಿಗೂ ಪ್ರತಿ ಕೊಡಿ. ಹೊರಗುತ್ತಿಗೆಯ ಇಬ್ಬರಿಗೆ ಮೊದಲು ಕೊಡಿ, ಏಕೆಂದರೆ ಕೆಲಸ ಹೋದೀತೆಂಬ ಅಂಜಿಕೆಯಿಂದ ಹಿಂಜರಿಯುವವರು ಅವರೇ. 2011ರ ಡಿಸೆಂಬರ್ 9ರಂದು ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಂಕಿ ಹೊತ್ತಿ ಸುಮಾರು 90 ಜನ ಸತ್ತರು. ಬಹುಪಾಲು ಹಾಸಿಗೆಯಿಂದ ಏಳಲಾಗದ ರೋಗಿಗಳು. ಹೊಗೆ ಎಸಿ ಕೊಳವೆಗಳ ಮೂಲಕ ವಾರ್ಡುಗಳಿಗೆ ಏರುತ್ತಿದ್ದಾಗ ಅಗ್ನಿಶಾಮಕ ದಳಕ್ಕೆ ಸುದ್ದಿ ಮುಟ್ಟಿದ್ದು ತಡವಾಗಿ.

ಈಗ ಹಿಂಬಾಗಿಲಿಗೆ ಬರುತ್ತೇನೆ. ತೆಗೆಯಲೇಬೇಕೇ ಎಂದು ಕೇಳಿದ್ದೀರಿ. ಹೌದು, ಓದುಗರು ಒಳಗಿರುವಷ್ಟು ಹೊತ್ತೂ ಆ ಬಾಗಿಲಿಗೆ ಬೀಗ ಇರಕೂಡದು. ಇದು ನನ್ನ ಸ್ವಂತ ಅಭಿಪ್ರಾಯವಷ್ಟೇ ಅಲ್ಲ. ಹೊರಹೋಗುವ ಬಾಗಿಲು ಹೊರಮುಖವಾಗಿ ತೆರೆಯಬೇಕು, ಒಳಗಿರುವವರು ಬೀಗದ ಕೈಯಿಲ್ಲದೆ ತೆರೆಯುವಂತಿರಬೇಕು ಎಂಬುದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೇ ಇರುವ ಮಾತು.

ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ನಿಮಗೆ ನೆನಪಿರಬಹುದು. 2010ರ ಫೆಬ್ರುವರಿ 23, ಹಾಡಹಗಲು, ಕಚೇರಿಗಳ ಕಟ್ಟಡ. ಬೆಂಕಿ ದೊಡ್ಡದೇನೂ ಆಗಿರಲಿಲ್ಲ. ವಿದ್ಯುತ್ ತಂತಿಗಳು ಹಾದುಹೋಗುವ ಡಕ್ಟ್‌ನಲ್ಲಿ ಹೊತ್ತಿದ್ದು. ಆದರೆ ಅದರ ಹೊಗೆ ಮಹಡಿಯಿಂದ ಮಹಡಿಗೆ ಏರಿತು. ತುರ್ತು ಮೆಟ್ಟಿಲಿನ ಬಾಗಿಲುಗಳಿಗೆ ಬೀಗ ಬಿದ್ದಿತ್ತು. ಉಸಿರಾಡಲಾಗದೆ ಜನ ಗಾಜು ಒಡೆದು ಕೆಳಗೆ ಹಾರಿದರು. ಒಂಬತ್ತು ಜೀವ ಹೋಯಿತು. ಮಕ್ಕಳನ್ನೂ ಮನೆಯವರನ್ನೂ ಕಳೆದುಕೊಂಡವರು ಆಮೇಲೆ ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಘಟನೆ ಕಟ್ಟಿ, ಇನ್ನೊಬ್ಬರ ಮನೆಗೆ ಈ ದುಃಖ ಬಾರದಿರಲಿ ಎಂದು ದುಡಿಯುತ್ತ ಬಂದರು. ಅದಕ್ಕೂ ಮೊದಲು, 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಕೆಳಗಿನ ಟ್ರಾನ್ಸ್‌ಫಾರ್ಮರ್‌ಗೆ ಬೆಂಕಿ ಬಿದ್ದು 59 ಪ್ರೇಕ್ಷಕರು ಸತ್ತರು. ಬಾಲ್ಕನಿಯಲ್ಲಿ ಇನ್ನಷ್ಟು ಕುರ್ಚಿ ಹಾಕಲೆಂದು ಒಂದು ಬದಿಯ ದಾರಿಯನ್ನೇ ಮುಚ್ಚಲಾಗಿತ್ತು. ಎರಡೂ ಕಡೆ ಜನರನ್ನು ಕೊಂದದ್ದು ಜ್ವಾಲೆಗಿಂತ ಹೆಚ್ಚಾಗಿ ಹೊಗೆ, ಮತ್ತು ಮುಚ್ಚಿದ ದಾರಿ.

ಪುಸ್ತಕ ಕಳವಿನ ಚಿಂತೆ ನಿಮಗೆ ಸಹಜ. ಲೆಕ್ಕ ಪರಿಶೋಧನೆಯಲ್ಲಿ ಉತ್ತರ ಕೊಡಬೇಕಾದವರು ನೀವು. ಇದಕ್ಕೆ ದಾರಿ ಇದೆ. ಒಳಗಿನಿಂದ ತಳ್ಳಿದರೆ ತೆರೆಯುವ, ಹೊರಗಿನಿಂದ ತೆರೆಯಲಾಗದ ಅಡ್ಡಪಟ್ಟಿಯ ಬಾಗಿಲು ಬರುತ್ತದೆ, ಅಂಗಡಿಯಲ್ಲಿ ‘ಪ್ಯಾನಿಕ್ ಬಾರ್’ ಎಂದು ಕೇಳಬೇಕು. ಅದಕ್ಕೊಂದು ಗಂಟೆ ಜೋಡಿಸಿದರೆ ಯಾರು ತೆರೆದರೂ ಕೌಂಟರಿಗೆ ಕೇಳಿಸುತ್ತದೆ. ಲೋಕೋಪಯೋಗಿ ಇಲಾಖೆಯಿಂದ ಮಂಜೂರಾತಿ ಬರುವತನಕ ಬೀಗ ತೆಗೆದು ಒಳಗಿನ ಚಿಲಕವಷ್ಟೇ ಇರಲಿ. ಬ್ಯಾಟರಿಯ ಸಣ್ಣ ಅಲಾರಂ ಒಂದನ್ನು ಚೌಕಟ್ಟಿಗೆ ಅಂಟಿಸಿ. ಬೆಳಿಗ್ಗೆ ಬಾಗಿಲು ತೆರೆಯುವವರು ಹಿಂಬಾಗಿಲ ಬೀಗ ತೆಗೆದು ಹಾಜರಿ ಪುಸ್ತಕದಲ್ಲೇ ಸಮಯ ಬರೆದು ಸಹಿ ಮಾಡಲಿ. ಬೀಗದ ಕೈಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪಕ್ಕದಲ್ಲಿ ನೇತುಹಾಕುತ್ತೇವೆ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹೊಗೆ ತುಂಬಿದಾಗ ಪೆಟ್ಟಿಗೆ ಕಾಣುವುದಿಲ್ಲ, ಕಂಡರೂ ಬೀಗದ ಬಾಯಿ ಕಾಣುವುದಿಲ್ಲ, ಹಿಂದಿನಿಂದ 50 ಜನ ಒತ್ತುತ್ತಿರುವಾಗ ನಡುಗುವ ಕೈಯಲ್ಲಿ ಬೀಗ ತಿರುಗುವುದಿಲ್ಲ.

ಇನ್ನು ಮುಂದಿನ ಮೆಟ್ಟಿಲು. ನೀವು ಬರೆಯದೇ ಇದ್ದರೂ ಊಹಿಸಬಲ್ಲೆ: ಮೀಟರ್ ಬೋರ್ಡು ಮತ್ತು ಮೇನ್ ಸ್ವಿಚ್ ಅದೇ ಮೆಟ್ಟಿಲಿನ ಕೆಳಗಿವೆ, ಪಕ್ಕದಲ್ಲಿ ಮುರಿದ ಕುರ್ಚಿಗಳು, ರದ್ದಿಗೆ ಹಾಕಬೇಕಾದ ಪತ್ರಿಕೆಯ ಕಟ್ಟುಗಳು, ಹಳೆಯ ಬ್ಯಾನರ್‌ಗಳು. ನಮ್ಮ ಸರ್ಕಾರಿ ಕಟ್ಟಡಗಳಲ್ಲಿ ನಾನು ಪದೇಪದೇ ನೋಡಿದ ದೃಶ್ಯ ಇದು, ಮತ್ತು ನನಗೆ ಅತಿ ಹೆಚ್ಚು ಭಯ ಹುಟ್ಟಿಸಿದ್ದೂ ಇದೇ. ಬೆಂಕಿ ಹುಟ್ಟುವ ಸಾಧ್ಯತೆ ಹೆಚ್ಚಿರುವ ಜಾಗ, ಅದಕ್ಕೆ ಬೇಕಾದ ಕಾಗದ, ಹೊಗೆ ಮೇಲೇರುವ ಚಿಮಣಿ, ಜನ ಇಳಿಯುವ ದಾರಿ, ನಾಲ್ಕೂ ಒಂದೇ ಕಡೆ ಸೇರಿವೆ. ಸ್ವಿಚ್ ಬೋರ್ಡಿನಲ್ಲಿ ಕಿಡಿ ಹಾರಿದ ಎರಡು-ಮೂರು ನಿಮಿಷದಲ್ಲಿ ಎರಡನೇ ಮಹಡಿಯ ಓದುಗರಿಗೆ ಆ ಮೆಟ್ಟಿಲು ಇಲ್ಲವಾಗಬಹುದು. ಆಗ ಉಳಿಯುವುದು ಹಿಂದಿನ ಮೆಟ್ಟಿಲು ಮಾತ್ರ, ಅದರ ಬಾಗಿಲಿಗೆ ಬೀಗ. ನಾನು ಇಷ್ಟು ಒತ್ತಿ ಹೇಳುತ್ತಿರುವುದು ಇದಕ್ಕೇ.

ಇದಕ್ಕೆ ಮಂಜೂರಾತಿ ಬೇಡ, ಹಣ ಬೇಡ. ಈ ಪತ್ರ ಓದಿದ ದಿನವೇ ಆ ಜಾಗ ಖಾಲಿ ಮಾಡಿಸಿ, ನೆಲಕ್ಕೆ ಹಳದಿ ಬಣ್ಣದಲ್ಲಿ ಗೆರೆ ಎಳೆಸಿ, ಗೆರೆಯೊಳಗೆ ಏನನ್ನೂ ಇಡಕೂಡದು ಎಂದು ಗೋಡೆಗೆ ಬರೆಸಿ. ಬೋರ್ಡಿನಲ್ಲಿ ಯಾವ ಸ್ವಿಚ್ ಯಾವ ಮಹಡಿಯದು ಎಂದು ಕನ್ನಡದಲ್ಲಿ ಚೀಟಿ ಅಂಟಿಸಿ. ತಂತಿಗಳು ಮಹಡಿ ದಾಟುವ ತೂತುಗಳು ತೆರೆದಿದ್ದರೆ ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಿಸಲು ಲೋಕೋಪಯೋಗಿ ಇಲಾಖೆಯ ವಿದ್ಯುತ್ ವಿಭಾಗಕ್ಕೆ ಬರೆಯಿರಿ. ಎರಡನೇ ಮಹಡಿಯಲ್ಲಿ ಲ್ಯಾಪ್‌ಟಾಪ್, ಮೊಬೈಲ್ ಚಾರ್ಜಿಗೆಂದು ಒಂದು ಪ್ಲಗ್‌ನಿಂದ ಐದು ಎಕ್ಸ್‌ಟೆನ್ಷನ್ ಎಳೆದಿರುತ್ತಾರೆ. ಅದನ್ನು ನಿಲ್ಲಿಸಿ ಎಂದರೆ ಯಾರೂ ಕೇಳುವುದಿಲ್ಲ. ಬದಲಿಗೆ ಎಂಸಿಬಿ, ಅಂದರೆ ಹೊರೆ ಹೆಚ್ಚಾದರೆ ತಾನಾಗಿ ಕರೆಂಟ್ ಕಡಿಯುವ ಸ್ವಿಚ್, ಇರುವ ಒಂದು ಚಾರ್ಜಿಂಗ್ ಮೇಜನ್ನು ಕೊಡಿಸಿ.

ಆ ಹಾಲ್‌ನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಒಂದು ಮೀಟರ್ ಅಗಲದ ಮೆಟ್ಟಿಲಿನಲ್ಲಿ, ಯಾರೂ ಎಡವದಿದ್ದರೆ, ನಿಮಿಷಕ್ಕೆ ಸುಮಾರು 60 ಜನ ಇಳಿಯಬಹುದು. 150 ಜನಕ್ಕೆ ಒಂದೇ ಮೆಟ್ಟಿಲಾದರೆ ಎರಡೂವರೆ ನಿಮಿಷ, ಎರಡಾದರೆ ಅದರರ್ಧ. ಲೆಕ್ಕ ಸರಳವಾಗಿದೆ. ಆದರೆ ಸಮಯ ಹೋಗುವುದು ಇಳಿಯುವುದರಲ್ಲಿ ಅಲ್ಲ, ಏಳುವುದರಲ್ಲಿ. ಆ ಹುಡುಗ ಹುಡುಗಿಯರ ಮುಂದೆ ಇರುವುದು ಬರೀ ಬ್ಯಾಗಲ್ಲ. ಎರಡು-ಮೂರು ವರ್ಷ ಕೂತು ಕೈಯಲ್ಲಿ ಬರೆದ ನೋಟ್ಸ್, ಅಪ್ಪ ಸಾಲ ಮಾಡಿ ಕೊಡಿಸಿದ ಲ್ಯಾಪ್‌ಟಾಪ್, ಮೂಲ ಅಂಕಪಟ್ಟಿಗಳ ಫೈಲ್. ಗಂಟೆ ಬಾರಿಸಿದ ಕೂಡಲೇ ಅವರು ಅದೆಲ್ಲವನ್ನೂ ಜೋಡಿಸಿಕೊಳ್ಳಲು ಶುರುಮಾಡುತ್ತಾರೆ. ಅಣಕು ಕಾರ್ಯಾಚರಣೆಗಳಲ್ಲಿ ಕಣ್ಣಾರೆ ಕಂಡಿದ್ದೇನೆ. ಇನ್ನು ಕೆಲವರು ‘ಯಾರೋ ಸುಮ್ಮನೆ ಬಾರಿಸಿದ್ದಾರೆ’ ಎಂದು ತಲೆ ಎತ್ತುವುದೇ ಇಲ್ಲ. ಒಬ್ಬರು ಎದ್ದರೆ ಎಲ್ಲರೂ ಏಳುತ್ತಾರೆ, ಯಾರೂ ಏಳದಿದ್ದರೆ ಯಾರೂ ಏಳುವುದಿಲ್ಲ.

ಎದ್ದವರೆಲ್ಲ ಬಂದ ದಾರಿಯಲ್ಲೇ ಹೋಗುತ್ತಾರೆ ಎನ್ನುವುದು ಇನ್ನೊಂದು ಸಂಗತಿ. ಒಂದು ಕಾಲೇಜಿನಲ್ಲಿ ಅಣಕು ಕಾರ್ಯಾಚರಣೆ ಮಾಡಿಸಿದಾಗ, ಹಿಂದಿನ ಮೆಟ್ಟಿಲು ಹತ್ತು ಹೆಜ್ಜೆ ದೂರದಲ್ಲಿ ತೆರೆದಿದ್ದರೂ ತರಗತಿಯ ಅಷ್ಟೂ ಮಕ್ಕಳು ಉದ್ದನೆಯ ಕಾರಿಡಾರ್ ದಾಟಿ ಮುಂಬಾಗಿಲಿಗೇ ಓಡಿದರು. ಯಾಕೆಂದು ಕೇಳಿದರೆ, ‘ಆ ಕಡೆ ಯಾವತ್ತೂ ಹೋಗಿಲ್ಲ ಸರ್’ ಎಂದರು. ಆದ್ದರಿಂದ ವಾರಕ್ಕೊಮ್ಮೆ, ಗ್ರಂಥಾಲಯ ಮುಚ್ಚುವ ಹೊತ್ತಿಗೆ, ಎರಡನೇ ಮಹಡಿಯವರನ್ನು ಹಿಂದಿನ ಮೆಟ್ಟಿಲಿನಿಂದಲೇ ಇಳಿಸಿ. ಬೋರ್ಡು ಹಾಕುವುದಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ, ಕಾಲಿಗೆ ಗೊತ್ತಿರುವ ದಾರಿ ಕತ್ತಲಲ್ಲೂ ಸಿಗುತ್ತದೆ. ನಿತ್ಯ ಬರುವ ಓದುಗರಲ್ಲೇ ನಾಲ್ಕು ಜನ ಚುರುಕಾದವರನ್ನು, ಇಬ್ಬರು ಹುಡುಗಿಯರೂ ಇರುವಂತೆ, ಆರಿಸಿಕೊಳ್ಳಿ. ಪೊಲೀಸ್ ನೇಮಕಾತಿಗೆ ಓದುವವರು ಅಲ್ಲಿ ಇದ್ದೇ ಇರುತ್ತಾರೆ, ಕೇಳಿದರೆ ಸಂತೋಷದಿಂದ ಮುಂದೆ ಬರುತ್ತಾರೆ. ಅವರು ಕೂಗಬೇಕಾದ ಮಾತು ಮೊದಲೇ ನಿಗದಿಯಾಗಿರಲಿ: “ಬ್ಯಾಗ್ ಬಿಡಿ, ಎದ್ದೇಳಿ, ಹಿಂದಿನ ಮೆಟ್ಟಿಲಿಗೆ ಬನ್ನಿ.” ‘ಗಾಬರಿಯಾಗಬೇಡಿ’ ಎಂದು ಕೂಗುವುದು ಬೇಡ. ಏನು ಮಾಡಬೇಕು ಎಂದು ಹೇಳಿ, ಗಾಬರಿ ತಾನಾಗಿ ಇಳಿಯುತ್ತದೆ. ಧ್ವನಿವರ್ಧಕ ಇಲ್ಲವೆಂದು ಚಿಂತಿಸಬೇಡಿ. ಶಾಲೆಯ ಹಿತ್ತಾಳೆ ಗಂಟೆ ಮಹಡಿಗೊಂದು, ಒಂದು ಕೈ ಮೈಕ್, ಇಷ್ಟಿದ್ದರೆ ನಡೆಯುತ್ತದೆ. ಕರೆಂಟ್ ಹೋದರೂ ಗಂಟೆ ಬಾರಿಸುತ್ತದೆ.

ಆರು ಸಿಬ್ಬಂದಿಗೆ ಕೆಲಸ ಹಂಚುವಾಗ ಹೆಸರಿಗೆ ಹಂಚಬೇಡಿ, ಜಾಗಕ್ಕೆ ಹಂಚಿ. ಒಬ್ಬರು ರಜೆ ಹಾಕಿದರೆ, ವರ್ಗವಾದರೆ ಯೋಜನೆ ಅಲ್ಲಿಗೇ ನಿಲ್ಲಬಾರದು. ಮುಂದಿನ ಕೌಂಟರಿನಲ್ಲಿ ಆ ದಿನ ಯಾರು ಕೂತಿದ್ದಾರೋ ಅವರು ಗಂಟೆ ಬಾರಿಸಿ 112ಕ್ಕೆ ಕರೆ ಮಾಡುತ್ತಾರೆ. ವಿಳಾಸವನ್ನೂ ಹತ್ತಿರದ ಗುರುತನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿ, ಗಾಬರಿಯಲ್ಲಿ ನಾವು ದಿನಾ ಬರುವ ಜಾಗದ ಹೆಸರೂ ಬಾಯಿಗೆ ಬರುವುದಿಲ್ಲ. ಕೆಳಗಿನ ಹಾಲ್‌ನಲ್ಲಿರುವವರು ಸುರಕ್ಷಿತವಾಗಿ ತಲುಪಬಹುದಾದರೆ ಮೇನ್ ಸ್ವಿಚ್ ಇಳಿಸಿ, ಜನರೇಟರ್ ತಾನಾಗಿ ಶುರುವಾಗದಂತೆ ಅದನ್ನೂ ಬಂದ್ ಮಾಡಿ, ಮಕ್ಕಳನ್ನು ಹೊರಗೆ ಕರೆದೊಯ್ಯುತ್ತಾರೆ. ಮೊದಲ ಮಹಡಿಯವರು ಮೇಲೆ ಹೋಗುವುದಿಲ್ಲ, ತಮ್ಮ ಮಹಡಿಯನ್ನೂ ಶೌಚಾಲಯಗಳನ್ನೂ ನೋಡಿ ಬಾಗಿಲೆಳೆದುಕೊಂಡು ಇಳಿಯುತ್ತಾರೆ. ಬಾಗಿಲೆಳೆಯುವುದು ಸಣ್ಣ ಮಾತಲ್ಲ, ಮುಚ್ಚಿದ ಮರದ ಬಾಗಿಲು ಹೊಗೆಯನ್ನು ಬೆಲೆಬಾಳುವ ಕೆಲವು ನಿಮಿಷ ತಡೆಯುತ್ತದೆ. ವಾಚ್‌ಮನ್ ಗೇಟಿಗೆ ಹೋಗಿ ಎರಡೂ ಕದ ತೆರೆದು, ಅಡ್ಡ ನಿಂತ ಬೈಕುಗಳನ್ನು ಸರಿಸಿ, ನಮ್ಮ ವಾಹನಕ್ಕಾಗಿ ರಸ್ತೆಯಲ್ಲಿ ನಿಲ್ಲಬೇಕು. ಗೇಟಿನ ಎದುರು ಸಾಲಾಗಿ ನಿಲ್ಲಿಸಿದ ಬೈಕುಗಳಿಂದ ನಾವು ಎಷ್ಟು ಸಲ ರಸ್ತೆಯಿಂದಲೇ ಪೈಪ್ ಎಳೆದುಕೊಂಡು ಹೋಗಿದ್ದೇವೆ ಎಂದು ಲೆಕ್ಕ ಇಟ್ಟಿಲ್ಲ.

ನಿಮ್ಮಲ್ಲಿ ಬ್ರೈಲ್ ಓದುಗರು, ಗಾಲಿಕುರ್ಚಿಯಲ್ಲಿ ಬರುವವರು ಇದ್ದರೆ ಅವರ ಜೊತೆ ಕೂತು ಅವರನ್ನೇ ಕೇಳಿ ಬರೆಯಿರಿ. ಯಾರು ಕೈ ಹಿಡಿಯಬೇಕು, ಎತ್ತುವುದಾದರೆ ಹೇಗೆ ಎತ್ತಬೇಕು ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಸಾಧ್ಯವಿದ್ದರೆ ಅವರ ವಿಭಾಗವನ್ನು ನೆಲಮಹಡಿಗೆ ತನ್ನಿ.

ಎಲ್ಲರೂ ಹೊರಬಂದು ಸೇರುವ ಒಂದು ಜಾಗ ಗೊತ್ತುಮಾಡಿ, ಕಟ್ಟಡದಿಂದ ದೂರ, ವಾಹನ ಬರುವ ದಾರಿ ಬಿಟ್ಟು. ಅಲ್ಲಿಂದ ಯಾರನ್ನೂ ಒಳಗೆ ಬಿಡಬಾರದು. ಮೊಬೈಲ್ ತರಲು, ಊಟದ ಡಬ್ಬಿ ತರಲು ಮರಳಿ ಹೋದವರನ್ನು ನಾವು ಹೆಗಲ ಮೇಲೆ ಹೊತ್ತು ತಂದಿದ್ದೇವೆ.

ಫೈರ್ ಸಿಲಿಂಡರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಲ್ಕಿವೆ ಎಂದಿರಿ, ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ, ಪರೀಕ್ಷೆಯ ದಿನಾಂಕ ಮುಗಿದಿಲ್ಲವೇ ಎಂದು ತಿಂಗಳಿಗೊಮ್ಮೆ ನೋಡಿ. ಪಿನ್ ಎಳೆದು, ಬೆಂಕಿಯ ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ, ಅತ್ತಿಂದಿತ್ತ ಸವರುವುದು. ಸಾಮಾನ್ಯ ಸಿಲಿಂಡರ್ ಅರ್ಧ ನಿಮಿಷವೂ ಬರುವುದಿಲ್ಲ. ಆದ್ದರಿಂದ ಕಸದ ಬುಟ್ಟಿಯಷ್ಟು ಬೆಂಕಿ ಇರುವಾಗ, ಕರೆ ಮಾಡಿ ಆದ ಮೇಲೆ, ಹೊರಹೋಗುವ ಬಾಗಿಲು ಬೆನ್ನ ಹಿಂದಿರುವಾಗ ಮಾತ್ರ ಬಳಸಿ. ಕಂಪ್ಯೂಟರ್ ಮತ್ತು ಸ್ವಿಚ್ ಬೋರ್ಡಿನ ಹತ್ತಿರ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇರಲಿ, ಅದು ಪುಡಿ ಉಳಿಸುವುದಿಲ್ಲ. ಕರೆಂಟ್ ಇರುವ ಕಡೆ ನೀರು ಎರಚಲೇಬಾರದು.

ಹೊಗೆಯಲ್ಲಿ ಸಿಕ್ಕಿಕೊಂಡರೆ ಏನು ಮಾಡಬೇಕೆಂಬುದನ್ನು ಓದುಗರಿಗೂ ಹೇಳಿಕೊಡಿ. ಹೊಗೆ ಮೇಲೆ ತುಂಬುತ್ತದೆ, ನೆಲದ ಹತ್ತಿರ ಸ್ವಲ್ಪ ಹೊತ್ತು ಉಸಿರಾಡುವ ಗಾಳಿ ಇರುತ್ತದೆ, ಬಗ್ಗಿ ಅಥವಾ ತೆವಳಿ ಹೋಗಬೇಕು. ಮುಚ್ಚಿದ ಬಾಗಿಲನ್ನು ಅಂಗೈ ಹಿಂಭಾಗದಿಂದ ಮುಟ್ಟಿ ನೋಡಬೇಕು, ಬಿಸಿಯಿದ್ದರೆ ತೆರೆಯಬಾರದು. ಎರಡೂ ಮೆಟ್ಟಿಲು ಸಿಗದಿದ್ದರೆ ರಸ್ತೆ ಕಡೆಯ ಕೋಣೆಗೆ ಹೋಗಿ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯಲ್ಲಿ ನಿಂತು ಕಾಣಿಸಿಕೊಳ್ಳಬೇಕು. ಆ ಕಿಟಕಿಗೆ ಸರಳುಗಳಿದ್ದರೆ ಮಹಡಿಗೊಂದನ್ನಾದರೂ ಒಳಗಿನಿಂದ ತೆರೆಯುವಂತೆ ಮಾಡಿಸಿ.

ಮಾದರಿಯಲ್ಲಿ ಸುನಾಮಿಗೆ ಎರಡು ಪುಟ ಇದೆ. ನಿಮ್ಮದು ಸಮುದ್ರದಿಂದ ದೂರದ ಊರು. ಆದರೆ ಹೆಜ್ಜೇನಿನ ಬಗ್ಗೆ ಒಂದು ಸಾಲೂ ಇಲ್ಲ. ನಮ್ಮ ಹಳೆಯ ಸರ್ಕಾರಿ ಕಟ್ಟಡಗಳ ಸೂರಿನಡಿ, ನೀರಿನ ಟ್ಯಾಂಕಿನ ಕೆಳಗೆ ಹೆಜ್ಜೇನು ಕಟ್ಟುವುದು ನಿಮಗೆ ಗೊತ್ತೇ ಇದೆ. ಅವು ಎದ್ದಾಗ ಜನರನ್ನು ಹೊರಗೆ ಕಳಿಸುವುದು ತಪ್ಪು, ಒಳಗೆ ಕರೆದು ಕಿಟಕಿ ಬಾಗಿಲು ಮುಚ್ಚಬೇಕು. ಬೆಂಕಿಯ ಗಂಟೆಗೂ ಇದಕ್ಕೂ ಬೇರೆ ಬೇರೆ ಸಂಕೇತ ಇರಲಿ. ಹೊಗೆ ಹಾಕಿ ಓಡಿಸುವ ಸಾಹಸ ಬೇಡ. ಹಾವು ಬಂದರೆ ಕರೆಯಬೇಕಾದವರ ಸಂಖ್ಯೆ, ಬಾಂಬ್ ಬೆದರಿಕೆ ಮಿಂಚಂಚೆ ಬಂದರೆ ಯಾವ ವಸ್ತುವನ್ನೂ ಮುಟ್ಟದೆ ಜನರನ್ನು ಹೊರಗೆ ಕಳಿಸಿ 112ಕ್ಕೆ ತಿಳಿಸುವುದು, ಇವೂ ಸೇರಲಿ. ಕಲಬುರಗಿ, ವಿಜಯಪುರದ ಕಡೆಯವರಾದರೆ ಭೂಮಿ ಸಣ್ಣಗೆ ಕಂಪಿಸಿದ್ದನ್ನು ನೀವೇ ಅನುಭವಿಸಿರುತ್ತೀರಿ. ಗ್ರಂಥಾಲಯದಲ್ಲಿ ಆಗ ಅಪಾಯ ಪುಸ್ತಕದ ಕಪಾಟುಗಳದು. ಅವನ್ನು ಗೋಡೆಗೆ ಬೋಲ್ಟ್ ಹಾಕಿಸಿ, ಭಾರದ ಸಂಪುಟಗಳನ್ನು ಕೆಳಗಿನ ಅರೆಗಳಿಗೆ ಇಳಿಸಿ.

ನಿಜ ಹೇಳಬೇಕೆಂದರೆ, ಬೆಂಕಿಗಿಂತ ಮೊದಲು ನಿಮಗೆ ಎದುರಾಗಬಹುದಾದದ್ದು ಪತ್ರಿಕೆ ಓದಲು ಬಂದ ಹಿರಿಯರೊಬ್ಬರು ಕುಸಿದು ಬೀಳುವುದು. 108ಕ್ಕೆ ಕರೆ, ಉಸಿರಾಟ ಇಲ್ಲದಿದ್ದರೆ ಕೂಡಲೇ ಎದೆಯ ನಡುವೆ ಎರಡೂ ಕೈಯಿಂದ ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು ಐದು ಸೆಂಟಿಮೀಟರ್ ಆಳಕ್ಕೆ ಒತ್ತುವುದು. ಇದನ್ನು ಕಾಗದದಿಂದ ಕಲಿಯಲಾಗದು. ಜಿಲ್ಲಾ ಆಸ್ಪತ್ರೆಗೋ ರೆಡ್ ಕ್ರಾಸ್ ಶಾಖೆಗೋ ಪತ್ರ ಬರೆದು ಆರೂ ಜನರಿಗೆ ಒಂದು ದಿನ ಕಲಿಸಿಕೊಡಲು ಕೇಳಿ.

ಅಣಕು ಕಾರ್ಯಾಚರಣೆ ವರ್ಷಕ್ಕೆ ಎರಡಾದರೂ ಆಗಲಿ. ದಿನಗಳನ್ನೂ ಸೂಚಿಸುತ್ತೇನೆ. ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ. 1944ರ ಏಪ್ರಿಲ್ 14ರಂದು ಬೊಂಬಾಯಿ ಬಂದರಿನಲ್ಲಿ ಹಡಗು ಸ್ಫೋಟಿಸಿದಾಗ ಪ್ರಾಣ ಕೊಟ್ಟ ನಮ್ಮವರ ನೆನಪಿಗೆ ಆಚರಿಸುವುದು. ಆ ವಾರ ಠಾಣಾಧಿಕಾರಿಗೆ ಪತ್ರ ಬರೆದರೆ ಸಿಬ್ಬಂದಿ ಬಂದು ತೋರಿಸಿಕೊಡುತ್ತಾರೆ, ನಿಮ್ಮ ಕಟ್ಟಡದ ಒಳದಾರಿಗಳನ್ನು ಅವರೂ ಒಮ್ಮೆ ನೋಡಿದಂತಾಗುತ್ತದೆ. ಎರಡನೆಯದು ಆಗಸ್ಟ್ 12, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಜನ್ಮದಿನ, ನಿಮ್ಮದೇ ಗ್ರಂಥಪಾಲಕರ ದಿನ. ಮಾಲೆ, ಭಾಷಣಗಳ ನಂತರ ಇಪ್ಪತ್ತು ನಿಮಿಷ ಇದಕ್ಕೆ ಕೊಡಿ. ಮೊದಲ ಸಲ ಎಲ್ಲರಿಗೂ ತಿಳಿಸಿ ಮಾಡಿ, ಎರಡನೆಯ ಸಲ ಮುಂದಿನ ಮೆಟ್ಟಿಲಿಗೆ ಹಗ್ಗ ಕಟ್ಟಿ ‘ಇಲ್ಲಿ ಹೊಗೆಯಿದೆ’ ಎಂಬ ಫಲಕ ಇಟ್ಟು ಮಾಡಿ. ಗಡಿಯಾರ ಹಿಡಿದು ಸಮಯ ಬರೆದಿಡಿ. ಎಲ್ಲಿ ಎಡವಿದಿರಿ ಎಂಬುದನ್ನೂ ಬರೆದಿಡಿ.

ಪುಸ್ತಕಗಳ ಪ್ರಶ್ನೆ ಕೇಳಿದ್ದಕ್ಕೆ ನನಗೆ ಸಂತೋಷವಾಯಿತು. ಯೋಜನೆಯಲ್ಲಿ ಸೇರಿಸಲೇಬೇಕು, ಆದರೆ ಒಂದು ಷರತ್ತು: ಒಳಗೆ ಒಬ್ಬ ಮನುಷ್ಯರಿದ್ದರೂ ಯಾರೂ ಪುಸ್ತಕಕ್ಕೆ ಕೈಹಾಕಬಾರದು, ಎಷ್ಟೇ ಅಮೂಲ್ಯವಾಗಿರಲಿ. ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲೇ, ತಾರಸಿಯ ನೀರಿಳಿಯುವ ಕೊಳವೆಗಳನ್ನು ಸ್ವಚ್ಛ ಮಾಡಿಸಿ. ನೆಲಕ್ಕೆ ತಾಗಿದ ಅರೆಯಲ್ಲಿ ಏನನ್ನೂ ಇಡಬೇಡಿ, ಒಂದು ಗೇಣಾದರೂ ಎತ್ತರ ಬೇಕು. ಮತ್ತೆ ಕೊಂಡುಕೊಳ್ಳಲಾಗದ ಪುಸ್ತಕಗಳು ಯಾವುವು ಎಂದು ಈಗಲೇ ಪಟ್ಟಿ ಮಾಡಿ ಮೊದಲ ಮಹಡಿಗೆ ಸಾಗಿಸಿ: ಗೆಜೆಟಿಯರ್‌ಗಳು, ಊರಿನ ಇತಿಹಾಸ, ಹಸ್ತಪ್ರತಿ ಇದ್ದರೆ ಅವು. ಗ್ರಂಥಾಲಯಕ್ಕೆ ಬಂದ ಪುಸ್ತಕಗಳನ್ನೆಲ್ಲ ದಾಖಲಿಸುವ ಪರಿಗ್ರಹಣ ವಹಿಯ ಒಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ.

ಪುಸ್ತಕ ನೆನೆದರೆ ನಿಮಗೆ ಸಿಗುವುದು ಸುಮಾರು 48 ಗಂಟೆ, ಆಮೇಲೆ ಬೂಷ್ಟು ಹಿಡಿಯುತ್ತದೆ. ಅಂಟಿದ ಹಾಳೆಗಳನ್ನು ಬಿಡಿಸಬೇಡಿ, ಬಿಸಿಲಿಗೆ ಹರವಬೇಡಿ, ರಟ್ಟು ಸೊಟ್ಟಗಾಗುತ್ತದೆ. ಸ್ವಲ್ಪ ನೆನೆದವನ್ನು ಬಾಯಿ ಬಿಡಿಸಿ ನಿಲ್ಲಿಸಿ ಫ್ಯಾನ್ ಹಾಕಿ, ನಡುನಡುವೆ ಅಚ್ಚಿಲ್ಲದ ಬಿಳಿ ಕಾಗದ ಇಡಿ. ಮಿರುಗುವ ಕಾಗದದ ಪುಸ್ತಕಗಳು ಒಣಗಿದರೆ ಇಟ್ಟಿಗೆಯಂತೆ ಅಂಟಿಕೊಳ್ಳುತ್ತವೆ, ಅವಕ್ಕೂ ತೀರ ನೆನೆದವಕ್ಕೂ ಒಂದೇ ದಾರಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಹೆಪ್ಪುಗಟ್ಟಿಸುವುದು. 1986ರಲ್ಲಿ ಲಾಸ್ ಏಂಜಲಿಸ್ ನಗರದ ಕೇಂದ್ರ ಗ್ರಂಥಾಲಯಕ್ಕೆ ಬೆಂಕಿ ಬಿದ್ದು ಸುಮಾರು 4 ಲಕ್ಷ ಪುಸ್ತಕ ನಾಶವಾದಾಗ, ನೀರಿನಿಂದ ನೆನೆದ ಲಕ್ಷಾಂತರ ಪುಸ್ತಕಗಳನ್ನು ಉಳಿಸಲು ಹಿಡಿದದ್ದೂ ಇದೇ ದಾರಿ. ಹೆಪ್ಪುಗಟ್ಟಿದ ಪುಸ್ತಕ ತಿಂಗಳುಗಟ್ಟಲೆ ಕಾಯುತ್ತದೆ, ತಜ್ಞರನ್ನು ಹುಡುಕಲು ನಿಮಗೆ ಸಮಯ ಸಿಗುತ್ತದೆ. ಹಾಗಾಗಿ ನಿಮ್ಮ ಊರಲ್ಲಿ ಐಸ್‌ಕ್ರೀಂ ಅಥವಾ ಮೀನು ಶೇಖರಿಸುವ ಕೋಲ್ಡ್ ಸ್ಟೋರೇಜ್ ಯಾರದಿದೆ ಎಂದು ಈಗಲೇ ವಿಚಾರಿಸಿ ಅವರ ಸಂಖ್ಯೆ ಬರೆದಿಟ್ಟುಕೊಳ್ಳಿ. ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್ ಸಾಲದು, ಅದು ತಂಪಾಗಿರುತ್ತದೆ ಅಷ್ಟೇ, ಹೆಪ್ಪುಗಟ್ಟಿಸುವುದಿಲ್ಲ.

ಇದೆಲ್ಲವನ್ನೂ ಬರೆದರೆ ನಾಲ್ಕೈದು ಪುಟ ಆದೀತು. ಮೊದಲ ಪುಟ ಫೋನ್ ಸಂಖ್ಯೆಗಳು: 112, 101, 108, ವಿದ್ಯುತ್ ದೂರಿಗೆ 1912, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077, ಜೊತೆಗೆ ನಿಮ್ಮ ಅಗ್ನಿಶಾಮಕ ಠಾಣೆಯ ನೇರ ಸಂಖ್ಯೆ. ಎರಡನೆಯದು ಕೈಯಲ್ಲೇ ಬರೆದ ಮೂರು ಮಹಡಿಗಳ ನಕ್ಷೆ, ಮೇನ್ ಸ್ವಿಚ್, ಸಂಪ್, ಸಿಲಿಂಡರ್, ಎರಡೂ ಮೆಟ್ಟಿಲು ತೋರಿಸಿ. ಆಮೇಲೆ ಯಾರು ಏನು ಮಾಡಬೇಕು, ತಿಂಗಳಿಗೊಮ್ಮೆ ಏನು ನೋಡಬೇಕು, ಪುಸ್ತಕಗಳು. ಕೊನೆಯಲ್ಲಿ ‘ಇಲ್ಲದಿರುವುವು’ ಎಂದು ಒಂದು ಪುಟ ಸೇರಿಸಿ, ಹಿಂಬಾಗಿಲ ಪ್ಯಾನಿಕ್ ಬಾರ್, ಹೊಗೆ ಪತ್ತೆ ಮಾಡುವ ಸಾಧನ, ತಂತಿ ದುರಸ್ತಿ, ಒಂದೊಂದಕ್ಕೂ ಅಂದಾಜು ವೆಚ್ಚ ಬರೆಯಿರಿ. ಮೇಲಿನವರಿಗೆ ಇದನ್ನೇ ಕಳಿಸಿ, ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ಕಳಿಸಿ, 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಅವರೇ. ಕೇಳಿದ ನಮೂನೆಯಲ್ಲೇ ಬೇಕು ಎಂದರೆ ಆ ನಮೂನೆಯಲ್ಲಿ ‘ಇಲ್ಲ’ ಎಂದು ಬರೆಯಲು ಹಿಂಜರಿಯಬೇಡಿ. ‘ಇಲ್ಲ’ ಎಂದು ಬರೆದ ಪತ್ರಕ್ಕೆ ಅನುದಾನ ಕೇಳಲು ಬರುತ್ತದೆ, ‘ಇದೆ’ ಎಂದು ಬರೆದ ಮೇಲೆ ಯಾವ ಬಾಯಲ್ಲಿ ಕೇಳುತ್ತೀರಿ?

ಬೀಗ ತೆಗೆದ ದಿನ ನೀವೇ ಮೊದಲು ಆ ಹಿಂದಿನ ಮೆಟ್ಟಿಲಿಳಿದು, ಹಿತ್ತಲು ದಾಟಿ, ರಸ್ತೆಯವರೆಗೆ ನಡೆದು ನೋಡಿ. ಎಷ್ಟೋ ಕಟ್ಟಡಗಳಲ್ಲಿ ಹಿಂಬಾಗಿಲು ತೆರೆದರೆ ಎದುರಾಗುವುದು ಲಂಟಾನ ಪೊದೆ, ಜಲ್ಲಿ ರಾಶಿ, ಅದರಾಚೆ ಗೇಟಿಲ್ಲದ ಎಂಟಡಿ ಕಾಂಪೌಂಡು. 150 ಜನ ಅಲ್ಲಿಗೆ ಇಳಿದು ಗೋಡೆಗೆ ಒತ್ತಿಕೊಂಡು ನಿಲ್ಲುವಂತಾಗಬಾರದು. ನಿಮ್ಮಲ್ಲೂ ಹಾಗೇ ಇದ್ದರೆ ಅಳತೆ ತೆಗೆದು ನನಗೆ ಬರೆಯಿರಿ, ಗೇಟು ಎಲ್ಲಿ ಇಡಿಸಬೇಕು ಎಂದು ನಕ್ಷೆ ಹಾಕಿ ಕಳಿಸುತ್ತೇನೆ.